ಬಿ.ಎಂ.ಶ್ರೀ.: ಸಂಸ್ಥಾನದ ಆಶ್ರಯ ಮತ್ತು ಕನ್ನಡದ ಉಜ್ಜೀವನ

ಬಿ.ಎಂ.ಶ್ರೀಕಂಠಯ್ಯನವರ (1884–1946) ಹೆಸರು ಬಂದೊಡನೆ ನಮ್ಮ ಸಾಹಿತ್ಯ ಚರಿತ್ರೆಗಳು ‘ಇಂಗ್ಲಿಷ್ ಗೀತಗಳು’ ಸಂಕಲನದ ಕಡೆಗೆ ಹೊರಳುತ್ತವೆ. ನವೋದಯದ ಆಚಾರ್ಯ ಪುರುಷ, ಕನ್ನಡದ ಕಣ್ವ ಎಂಬ ವಿಶೇಷಣಗಳೊಡನೆ ಅವರ ಅನುವಾದಗಳನ್ನೂ ಛಂದಃಪ್ರಯೋಗಗಳನ್ನೂ ರುದ್ರನಾಟಕಗಳನ್ನೂ ಕುರಿತು ಸಾಕಷ್ಟು ವಿಮರ್ಶೆ ಬಂದಿದೆ. ಆದರೆ ಸಂಸ್ಥಾನದ ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ಕುಳಿತು, ಸರ್ಕಾರದ ಹಣವನ್ನೂ ಅಧಿಕಾರವನ್ನೂ ಒಂದು ದೇಶಭಾಷೆಯ ಕಡೆಗೆ ತಿರುಗಿಸಿದ ಶ್ರೀಕಂಠಯ್ಯನವರು ಆ ವಿಮರ್ಶೆಯಲ್ಲಿ ಹಿಂದೆ ಸರಿದಿದ್ದಾರೆ. ಪ್ರಸ್ತುತ ಲೇಖನದಲ್ಲಿ ಅವರ ಜೀವನವನ್ನು ಈ ದಿಕ್ಕಿನಿಂದ ನೋಡಲಾಗಿದೆ. ಅಳಿವಿನಂಚಿನ ಭಾಷೆಗಳ ಪ್ರಶ್ನೆ ಇಂದು ಜಗತ್ತಿನಾದ್ಯಂತ ಚರ್ಚೆಯಲ್ಲಿದೆ. ವಿಶ್ವಸಂಸ್ಥೆ 2022ರಿಂದ 2032ರವರೆಗಿನ ಅವಧಿಯನ್ನು ಮೂಲನಿವಾಸಿಗಳ ಭಾಷೆಗಳ ದಶಕವೆಂದು ಸಾರಿದೆ. ಸರ್ಕಾರವೊಂದು ಭಾಷೆಯನ್ನು ಎತ್ತಿ ನಿಲ್ಲಿಸಬಲ್ಲುದೆ, ನಿಲ್ಲಿಸುವುದಾದರೆ ಯಾವ ಕಡೆಯಿಂದ ಕೈಹಾಕಬೇಕು ಎಂಬ ಪ್ರಶ್ನೆಗೆ ನಮ್ಮ ನೆಲದಲ್ಲಿಯೇ ನಡೆದ ಒಂದು ಪ್ರಯೋಗ ಶ್ರೀಕಂಠಯ್ಯನವರ ಬದುಕಿನಲ್ಲಿದೆ.

1

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು 1884ರ ಜನವರಿ 3ರಂದು ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಅದು ತಾಯಿ ಭಾಗೀರಥಮ್ಮನವರ ಕಡೆಯ ಊರು. ತಂದೆ ಮೈಲಾರಯ್ಯನವರು ವಕೀಲರು. ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಹೆಸರಿನಲ್ಲಿ ಬೆಳ್ಳೂರು ನಿಂತಿತು, ಸಂಪಿಗೆ ಮರೆಯಾಯಿತು. ತುಮಕೂರು ಜಿಲ್ಲೆಯ ಓದುಗರಿಗೆ ಈ ಬಗ್ಗೆ ಸಣ್ಣದೊಂದು ಅಸಮಾಧಾನವಿರುವುದು ಸಹಜವೇ.

ಸಂಪಿಗೆಯನ್ನು ಜೈಮಿನಿ ಭಾರತದ ಸುಧನ್ವನ ಚಂಪಕಾಪುರಿಯೆಂದು ಸ್ಥಳೀಯ ಐತಿಹ್ಯ ಗುರುತಿಸುತ್ತದೆ. ಇಂತಹ ಐತಿಹ್ಯಗಳಿಗೆ ಚಾರಿತ್ರಿಕ ಆಧಾರ ಹುಡುಕಬೇಕಾಗಿಲ್ಲ. ಲಕ್ಷ್ಮೀಶನ ಕಾವ್ಯವನ್ನು ವಾಚನ ಮಾಡುತ್ತಿದ್ದ ಜನ ಕಾವ್ಯದ ಪಟ್ಟಣವೊಂದನ್ನು ತಮ್ಮ ತೋಟಗಳ ನಡುವೆ ಇರಿಸಿಕೊಂಡಿದ್ದರು ಎಂಬುದಷ್ಟೇ ಇಲ್ಲಿ ಮುಖ್ಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನೊಳಗೊಂಡ ಈ ತೆಂಗಿನ ಸೀಮೆಯಲ್ಲಿ ಆಗ ಕನ್ನಡ ಯಾವ ಅರ್ಥದಲ್ಲಿಯೂ ಸಾಯುತ್ತಿರುವ ಭಾಷೆಯಾಗಿರಲಿಲ್ಲ. ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವ ಕೆಲಸ, ಸಂತೆಯ ವ್ಯವಹಾರ, ಹೊಂಬಾಳೆ, ಕುರುಂಬೆ, ಎಳನೀರು, ಸೋಗೆ, ಗಿಟುಕು ಎಂಬ ಒಂದೊಂದು ಹಂತಕ್ಕೂ ಭಾಗಕ್ಕೂ ಇರುವ ಹೆಸರು, ಇವೆಲ್ಲ ಕನ್ನಡದಲ್ಲಿಯೇ ನಡೆಯುತ್ತಿದ್ದವು. ಪಕ್ಕದ ಗುಬ್ಬಿಯಲ್ಲಿ, ಶ್ರೀಕಂಠಯ್ಯನವರು ಹುಟ್ಟಿದ ವರ್ಷವೇ, ಚನ್ನಬಸವೇಶ್ವರ ನಾಟಕ ಸಂಘ ಆರಂಭವಾಯಿತು. ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಈ ಕಂಪನಿ ಬೆಳೆದದ್ದು ಮುಖ್ಯವಾಗಿ ಟಿಕೆಟ್ಟು ಕೊಂಡು ಬಂದ ಪ್ರೇಕ್ಷಕರಿಂದ.

ಹಾಗಾದರೆ ಉಜ್ಜೀವನದ ಅಗತ್ಯ ಎಲ್ಲಿತ್ತು? ಮನೆ, ತೋಟ, ಸಂತೆ, ರಂಗಸ್ಥಳಗಳಲ್ಲಿ ಜೀವಂತವಾಗಿದ್ದ ಭಾಷೆ ಕಾಲೇಜಿನ ಬಾಗಿಲಲ್ಲಿ, ನ್ಯಾಯಾಲಯದ ಮೇಲಂತಸ್ತಿನಲ್ಲಿ, ಸಚಿವಾಲಯದ ಕಡತದಲ್ಲಿ, ವಿಜ್ಞಾನದ ಪುಸ್ತಕದಲ್ಲಿ ನಿಂತುಹೋಗುತ್ತಿತ್ತು. ಭಾಷೆಯನ್ನು ಆಡುವವರ ಸಂಖ್ಯೆ ಕುಗ್ಗಿರಲಿಲ್ಲ. ಆ ಭಾಷೆಯಿಂದ ಏನನ್ನಾದರೂ ಸಾಧಿಸಬಹುದಾದ ಸ್ಥಳಗಳು ಕುಗ್ಗಿದ್ದವು. ಈ ವ್ಯತ್ಯಾಸವನ್ನು ಆರಂಭದಲ್ಲಿಯೇ ಗುರುತಿಸಿಕೊಳ್ಳದಿದ್ದರೆ ಶ್ರೀಕಂಠಯ್ಯನವರು ಏಕೆ ಶಿಶುವಿಹಾರದಿಂದ ಆರಂಭಿಸದೆ ಎಂ.ಎ. ತರಗತಿಯಿಂದ ಆರಂಭಿಸಿದರು ಎಂಬುದು ಅರ್ಥವಾಗುವುದಿಲ್ಲ.

ಸಂಸ್ಥಾನದ ಸರ್ಕಾರ ಕನ್ನಡಕ್ಕೆ ಏನನ್ನೂ ಮಾಡುತ್ತಿರಲಿಲ್ಲವೆಂದಲ್ಲ. ಬಿ.ಎಲ್.ರೈಸರ ನೇತೃತ್ವದಲ್ಲಿ ಶಾಸನಗಳ ಸಂಗ್ರಹ ನಡೆದು ತುಮಕೂರು ಜಿಲ್ಲೆಯ ಸಂಪುಟ 1904ರಲ್ಲಿ ಹೊರಬಂದಿತು. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ರೈಸರ ಸಂಪಾದನೆಯಲ್ಲಿ 1884ರಲ್ಲಿ ಅಚ್ಚಾಯಿತು. ಮೈಸೂರಿನ ಪ್ರಾಚ್ಯಪುಸ್ತಕ ಭಂಡಾರ 1891ರಲ್ಲಿ ಆರಂಭವಾಯಿತು. ಅರಮನೆಯ ಆಶ್ರಯದ ಪಂಡಿತರು ಕಟ್ಟಿಕೊಂಡ ಸಭೆಯ ಹೆಸರೇ ಭಾಷೋಜ್ಜೀವಿನಿ. ಆದರೆ ಈ ಪೋಷಣೆಯ ಮುಖ ಬಹುಮಟ್ಟಿಗೆ ಹಿಂದಕ್ಕೆ ತಿರುಗಿತ್ತು. ಅದು ತಾಳೆಗರಿಯನ್ನೂ ಕಲ್ಲನ್ನೂ ಕಾಪಾಡಿತು. ಕಾಲೇಜಿಗೆ ಹೋದ ಹುಡುಗ ಹೊಸ ಕಾಲದ ವಿಚಾರವನ್ನು ಕನ್ನಡದಲ್ಲಿ ಬರೆಯಬಲ್ಲನೆ ಎಂಬ ಪ್ರಶ್ನೆ ಅದರ ವ್ಯಾಪ್ತಿಯಲ್ಲಿರಲಿಲ್ಲ.

2

ಶ್ರೀಕಂಠಯ್ಯನವರ ವಿದ್ಯಾಭ್ಯಾಸ ಪೂರ್ಣವಾಗಿ ಇಂಗ್ಲಿಷಿನ ದಾರಿಯಲ್ಲಿ ನಡೆಯಿತು. ಶ್ರೀರಂಗಪಟ್ಟಣ, ಮೈಸೂರುಗಳ ನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದರಾಸಿನಲ್ಲಿ ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದರು. ಮೈಸೂರಿನ ಕಾಲೇಜುಗಳು ಆಗ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಅಂದರೆ ಸಂಸ್ಥಾನದ ಉನ್ನತ ಶಿಕ್ಷಣದಲ್ಲಿ ಕನ್ನಡದ ಸ್ಥಾನವೇನು ಎಂಬುದು ಸಂಸ್ಥಾನದ ಹೊರಗೆ ತೀರ್ಮಾನವಾಗುತ್ತಿತ್ತು. ಮೈಸೂರಿಗೆ ಹಿಂದಿರುಗಿ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದ ಶ್ರೀಕಂಠಯ್ಯನವರು ಕೊನೆಯವರೆಗೂ ಇಂಗ್ಲಿಷ್ ಬೋಧನೆಯಿಂದಲೇ ಸಂಬಳ ಪಡೆದರು. ಕನ್ನಡದ ಕೆಲಸವೆಲ್ಲ ಆ ಸಂಬಳದ ನೆರಳಿನಲ್ಲಿ ನಡೆದದ್ದು. ಇದನ್ನು ವಿರೋಧಾಭಾಸವೆಂದು ತೋರಿಸುವುದು ಸುಲಭ. ಆದರೆ ಕನ್ನಡ ಪಂಡಿತರಿಗೆ ಕಾಲೇಜಿನಲ್ಲಿ ಆಗ ಇದ್ದ ಕೆಳದರ್ಜೆಯ ಸ್ಥಾನವನ್ನು ನೆನೆದರೆ, ವಿಶ್ವವಿದ್ಯಾನಿಲಯದ ಸಭೆಗಳಲ್ಲಿ ಕನ್ನಡದ ಪರವಾಗಿ ಮಾತನಾಡಿ ಗೆಲ್ಲಬಲ್ಲವನು ಇಂಗ್ಲಿಷ್ ಪ್ರಾಧ್ಯಾಪಕನೇ ಆಗಿರಬೇಕಿತ್ತು ಎಂಬುದು ಸ್ಪಷ್ಟವಾಗುತ್ತದೆ.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣ ಪ್ರಸಿದ್ಧವಾದುದು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಜನರು ಆಡುವ ಕನ್ನಡಕ್ಕೆ ಹತ್ತಿರವಾದ ಹೊಸಗನ್ನಡವೇ ಬರವಣಿಗೆಯ ಭಾಷೆಯಾಗಬೇಕು, ಇಂಗ್ಲಿಷ್ ಕಲಿತವರು ತಾವು ಕಂಡದ್ದನ್ನು ಕನ್ನಡಕ್ಕೆ ತರಬೇಕು ಎಂಬುದು ಅವರ ನಿಲುವು. ಶೀರ್ಷಿಕೆಯ ಒಂದು ಪದವನ್ನು ಇಲ್ಲಿ ಗಮನಿಸಬೇಕು. ಕನ್ನಡ ಹಿಂದೆ ಹೇಗಿತ್ತು ಎಂಬ ಹೆಮ್ಮೆಯ ವರ್ಣನೆಯನ್ನೋ ಇಂದು ಏನಾಗಿದೆ ಎಂಬ ಶೋಕವನ್ನೋ ಶೀರ್ಷಿಕೆ ಆರಿಸಿಕೊಳ್ಳಲಿಲ್ಲ. ಅದು ಆರಿಸಿಕೊಂಡದ್ದು ‘ಬಗೆ’ಯನ್ನು, ಅಂದರೆ ಕೆಲಸದ ಕ್ರಮವನ್ನು.

ಮೈಸೂರಿನವರೊಬ್ಬರು ಈ ಮಾತನ್ನು ಧಾರವಾಡದಲ್ಲಿ ಆಡಿದ್ದೂ ಗಮನಾರ್ಹ. ಮುಂಬಯಿ ಆಡಳಿತದ ಆ ಭಾಗದಲ್ಲಿ ಕನ್ನಡ ಮೇಲೆ ಇಂಗ್ಲಿಷನ್ನೂ ಪಕ್ಕದಲ್ಲಿ ಮರಾಠಿಯನ್ನೂ ಎದುರಿಸಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂತಹ ಶಿಕ್ಷಣಾಧಿಕಾರಿಗಳು ಸರ್ಕಾರಿ ಹುದ್ದೆಯೊಳಗಿದ್ದುಕೊಂಡೇ ಕನ್ನಡ ಶಾಲೆಗಳನ್ನು ಬೆಳೆಸಿದ್ದರು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ ಆ ಹೋರಾಟದ ಫಲ. ಅಧಿಕಾರದೊಳಗಿದ್ದು ಕೆಲಸ ಮಾಡುವ ಈ ಮಾರ್ಗ ಮುಂದೆ ಶ್ರೀಕಂಠಯ್ಯನವರದೂ ಆಯಿತು.

3

ಸರ್ ಎಂ.ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಈ ಎರಡು ಸಂಸ್ಥೆಗಳೇ ಶ್ರೀಕಂಠಯ್ಯನವರ ಕಾರ್ಯಕ್ಷೇತ್ರ. ಎಚ್.ವಿ.ನಂಜುಂಡಯ್ಯನವರು ಪರಿಷತ್ತಿಗೆ ಅಧ್ಯಕ್ಷರು, ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳು. ಹೀಗೆ ಭಾಷೆಯ ಸಂಸ್ಥೆಯೂ ವಿದ್ಯೆಯ ಸಂಸ್ಥೆಯೂ ಸರ್ಕಾರದ ಒಂದೇ ಮೊಗಸಾಲೆಯಲ್ಲಿ ಕುಳಿತಿದ್ದವು. ಆದರೆ ವಿಶ್ವವಿದ್ಯಾನಿಲಯ ಹುಟ್ಟಿ ಒಂದು ದಶಕ ಕಳೆದರೂ ಅಲ್ಲಿ ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಇರಲಿಲ್ಲ. ಕಲ್ಕತ್ತೆಯಲ್ಲಿ ಆಶುತೋಷ ಮುಖರ್ಜಿಯವರು 1919ರಲ್ಲಿಯೇ ದೇಶಭಾಷೆಗಳಿಗೆ ಎಂ.ಎ. ತರಗತಿ ತೆರೆದಿದ್ದರು.

ಶ್ರೀಕಂಠಯ್ಯನವರು 1926ರಲ್ಲಿ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. ಅದೇ ವರ್ಷ ‘ಇಂಗ್ಲಿಷ್ ಗೀತಗಳು’, ‘ಗದಾಯುದ್ಧ ನಾಟಕಂ’ ಪ್ರಕಟವಾದವು. ಸಾಹಿತ್ಯ ಚರಿತ್ರೆ ಪುಸ್ತಕಗಳನ್ನು ನೆನಪಿಟ್ಟುಕೊಂಡು ಹುದ್ದೆಯನ್ನು ಅಡಿಟಿಪ್ಪಣಿಗೆ ಹಾಕಿದೆ. ಮರುವರ್ಷ, 1927ರಲ್ಲಿ, ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದಾಗ, ಕನ್ನಡ ಎಂ.ಎ. ತರಗತಿ ಮಹಾರಾಜಾ ಕಾಲೇಜಿನಲ್ಲಿ ಆರಂಭವಾಯಿತು. ಟಿ.ಎಸ್.ವೆಂಕಣ್ಣಯ್ಯನವರು ಅದರ ಗುರುಗಳು. ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್.ನರಸಿಂಹಾಚಾರ್ ಇದ್ದರು, ಇಬ್ಬರೂ 1929ರಲ್ಲಿ ಪದವೀಧರರಾದರು. ನರಸಿಂಹಾಚಾರ್ಯರು ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿದವರು. ಅದೇ ತಾಲ್ಲೂಕಿನ ತೀರ್ಥಪುರದಲ್ಲಿ ಅದೇ 1906ರಲ್ಲಿ ಹುಟ್ಟಿ, ಇಂಗ್ಲಿಷ್ ಮತ್ತು ಕನ್ನಡಗಳೆರಡರಲ್ಲಿಯೂ ಪಾಂಡಿತ್ಯ ಪಡೆದು ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಬರೆದ ತೀ.ನಂ.ಶ್ರೀಕಂಠಯ್ಯನವರೂ ಈ ಪರಂಪರೆಗೆ ಸೇರಿದವರೇ. ತೆಂಗಿನ ಸೀಮೆಯ ಈ ಮೂವರ ಬದುಕು ಒಂದೇ ವಿಶ್ವವಿದ್ಯಾನಿಲಯದಲ್ಲಿ ಕೂಡಿದ್ದನ್ನು ಪ್ರಾದೇಶಿಕ ಅಭಿಮಾನದಿಂದ ಮಾತ್ರ ನೋಡಬೇಕಾಗಿಲ್ಲ. ತಾಲ್ಲೂಕು ಕೇಂದ್ರದಿಂದ ಬಂದ ಹುಡುಗನೊಬ್ಬ ಕನ್ನಡವನ್ನೇ ಓದಿ ಕನ್ನಡವನ್ನೇ ವೃತ್ತಿಯಾಗಿಸಿಕೊಳ್ಳಬಹುದಾದ ದಾರಿ 1927ಕ್ಕೆ ಮೊದಲು ಇರಲಿಲ್ಲ, ನಂತರ ಇತ್ತು.

ಒಂದು ಪದವಿಯಿಂದ ಭಾಷೆಗೆ ಏನಾಗುತ್ತದೆ ಎಂದು ಕೇಳಬಹುದು. ಪದವಿ ಬಂದರೆ ಪಠ್ಯಪಟ್ಟಿ ಬೇಕು. ಪಠ್ಯಪಟ್ಟಿಗೆ ಶುದ್ಧವಾಗಿ ಸಂಪಾದಿತವಾದ ಗ್ರಂಥಗಳು ಬೇಕು. ಅದಕ್ಕೆ ಗ್ರಂಥಸಂಪಾದನೆ ಒಂದು ಶಾಸ್ತ್ರವಾಗಬೇಕು, ಡಿ.ಎಲ್.ಎನ್. ಅವರ ಜೀವಮಾನದ ಕೆಲಸ ಅಲ್ಲಿಂದ ಹೊರಟಿತು. ಉತ್ತರಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬೇಕಾದರೆ ವಿಮರ್ಶೆಯ ಪರಿಭಾಷೆ ಬೇಕು. ಪದವೀಧರರು ಅಧ್ಯಾಪಕರಾಗಿ ಜಿಲ್ಲಾ ಕೇಂದ್ರಗಳಿಗೆ ಹೋದರೆ ಅಲ್ಲೊಂದು ಕರ್ನಾಟಕ ಸಂಘ, ಒಂದು ಕೈಬರಹದ ಪತ್ರಿಕೆ ಹುಟ್ಟುತ್ತವೆ. ಸೆಂಟ್ರಲ್ ಕಾಲೇಜಿನ ಸಂಘದಿಂದ ಹೊರಟ ‘ಪ್ರಬುದ್ಧ ಕರ್ನಾಟಕ’ ಮುಂದೆ ವಿಶ್ವವಿದ್ಯಾನಿಲಯದ ಪತ್ರಿಕೆಯೇ ಆಯಿತು. ಬಹುಮಾನ, ಸನ್ಮಾನ, ಆಶ್ರಯಗಳ ರೂಪದ ಸರ್ಕಾರಿ ಪೋಷಣೆ ಪಡೆದವನೊಡನೆ ಮುಗಿಯುತ್ತದೆ. ಪದವಿಯ ರೂಪದ ಪೋಷಣೆ ತನ್ನ ಮುಂದಿನ ಅಗತ್ಯಗಳನ್ನು ತಾನೇ ಹುಟ್ಟಿಸುತ್ತ ಹೋಗುತ್ತದೆ. ಶ್ರೀಕಂಠಯ್ಯನವರ ಜಾಣ್ಮೆಯಿದ್ದದ್ದು ಇಲ್ಲಿ.

ಇಂಗ್ಲಿಷ್–ಕನ್ನಡ ನಿಘಂಟನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಬಂದಿತ್ತು. ಅದು ಕನ್ನಡದ ಒಳಗನ್ನು ಹೊರಗಿನವರಿಗೆ ತೋರಿಸುವ ಗ್ರಂಥ. ವಿಶ್ವವಿದ್ಯಾನಿಲಯಕ್ಕೆ ಬೇಕಾದದ್ದು ಹೊರಗಿನ ವಿದ್ಯೆಯನ್ನು ಕನ್ನಡದೊಳಕ್ಕೆ ತರುವ ಉಪಕರಣ. ಶ್ರೀಕಂಠಯ್ಯನವರು ಈ ಕೆಲಸದ ಮುಂಚೂಣಿಯಲ್ಲಿ ನಿಂತರು. ವರ್ಷಗಟ್ಟಲೆ ನಡೆದ ಅದು ಅಚ್ಚಾಗಿ ಬಂದದ್ದು 1946ರಲ್ಲಿ.

4

1928ರಲ್ಲಿ ಕಲಬುರಗಿಯಲ್ಲಿ ನಡೆದ ಹದಿನಾಲ್ಕನೆಯ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಕಂಠಯ್ಯನವರು ಅಧ್ಯಕ್ಷರಾದರು. ಅವರ ಜೀವನಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಘಟನೆ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು.

ಕಲಬುರಗಿ ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ‘ಕವಿರಾಜಮಾರ್ಗ’ ಹುಟ್ಟಿದ ಮಾನ್ಯಖೇಟ ಅದೇ ಜಿಲ್ಲೆಯ ಮಳಖೇಡ. ಕನ್ನಡದ ಮೊದಲ ಉಪಲಬ್ಧ ಗ್ರಂಥಕ್ಕೆ ರಾಜಾಶ್ರಯ ದೊರೆತ ನೆಲದಲ್ಲಿ ಇಪ್ಪತ್ತನೆಯ ಶತಮಾನದ ಕನ್ನಡ ಅನಾಥವಾಗಿತ್ತು. ಆದರೆ ಹೈದರಾಬಾದು ಸರ್ಕಾರವನ್ನು ಭಾಷೆಯ ವಿಷಯದಲ್ಲಿ ಉದಾಸೀನ ಸರ್ಕಾರವೆಂದು ಕರೆಯುವಂತಿಲ್ಲ. ದೇಶಭಾಷೆಯೊಂದಕ್ಕೆ ಅಂದು ಅತ್ಯಂತ ಧೈರ್ಯದ ಸರ್ಕಾರಿ ಬೆಂಬಲ ಕೊಟ್ಟದ್ದು ಅದೇ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನಾ ಮಾಧ್ಯಮ ಉರ್ದು. ಅದಕ್ಕಾಗಿಯೇ ತೆರೆದ ಅನುವಾದ ವಿಭಾಗ ವಿಜ್ಞಾನ, ಕಾನೂನು, ವೈದ್ಯಕೀಯಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು, ಪರಿಭಾಷೆಯನ್ನು ಟಂಕಿಸಿತು. ಮೈಸೂರು ಕನ್ನಡಕ್ಕೆ ಮಾಡಲು ಹಿಂಜರಿದ ಕೆಲಸವನ್ನು ಹೈದರಾಬಾದು ಉರ್ದುವಿಗೆ ಮಾಡಿ ತೋರಿಸಿತು. ಆದರೆ ಆ ಸಂಸ್ಥಾನದ ಪ್ರಜೆಗಳಲ್ಲಿ ಬಹುಸಂಖ್ಯಾತರ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ಒಂದು ದೇಶಭಾಷೆ ಸರ್ಕಾರದ ಆಶ್ರಯದಲ್ಲಿ ಎದ್ದು ನಿಂತಾಗ ಅದರ ನೆರಳು ಬಿದ್ದದ್ದು ಇನ್ನು ಮೂರು ದೇಶಭಾಷೆಗಳ ಮೇಲೆ.

ಹೀಗೆ ಒಂದೇ ಕನ್ನಡ ಏಕಕಾಲದಲ್ಲಿ ಮೂರು ಸರ್ಕಾರಗಳ ಕೆಳಗೆ ಮೂರು ಸ್ಥಿತಿಯಲ್ಲಿತ್ತು. ಮೈಸೂರಿನಲ್ಲಿ ಆಶ್ರಯವಿತ್ತು, ಧಾರವಾಡದಲ್ಲಿ ಪೈಪೋಟಿಯಿತ್ತು, ಕಲಬುರಗಿಯಲ್ಲಿ ಮೌನವಿತ್ತು. ಮೂರೂ ಕಡೆ ಜನ ಆಡುತ್ತಿದ್ದ ಭಾಷೆಯ ಚೈತನ್ಯದಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಅಂತರ ಬಂದದ್ದು ಶಾಲೆ, ಕಚೇರಿ, ಪುಸ್ತಕಗಳಲ್ಲಿ. ಕನ್ನಡದ ಭವಿಷ್ಯವನ್ನು ಭಾಷಿಕರ ಅಭಿಮಾನಕ್ಕೆ ಮಾತ್ರ ಬಿಟ್ಟರೆ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಮೈಸೂರಿನ ಅಧಿಕಾರಿಯೊಬ್ಬರು ಆ ಅಧ್ಯಕ್ಷಪೀಠದಲ್ಲಿ ಕುಳಿತದ್ದೇ ಒಂದು ಸಂಸ್ಥಾನದ ಕನ್ನಡ ಇನ್ನೊಂದು ಸಂಸ್ಥಾನದ ಕನ್ನಡಕ್ಕೆ ಆಸರೆ ಚಾಚಿದಂತೆ ಆಗಿತ್ತು.

ಅದೇ ದಶಕದಲ್ಲಿ ದೂರದ ಐರ್ಲೆಂಡಿನಲ್ಲಿ ಮತ್ತೊಂದು ಪ್ರಯೋಗ ನಡೆಯುತ್ತಿತ್ತು. 1922ರಲ್ಲಿ ಸ್ಥಾಪನೆಯಾದ ಅಲ್ಲಿನ ಸ್ವತಂತ್ರ ರಾಜ್ಯ ಐರಿಷ್ ಭಾಷೆಗೆ ರಾಷ್ಟ್ರಭಾಷೆಯ ಪಟ್ಟ ಕಟ್ಟಿ ಶಾಲೆಗಳಲ್ಲಿ ಕಡ್ಡಾಯ ಮಾಡಿತು. ಭಾಷೆಗೆ ಗೌರವ, ಪಠ್ಯ, ಪರೀಕ್ಷೆ ಎಲ್ಲವೂ ದೊರೆತವು. ಆದರೂ ಪಶ್ಚಿಮ ಕರಾವಳಿಯ ಹಳ್ಳಿಗಳಲ್ಲಿ ತಾಯಂದಿರು ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡುವುದು ನಿಲ್ಲಲಿಲ್ಲ. ಮನೆಯಲ್ಲಿ ಬೇರು ಒಣಗಿದ್ದ ಭಾಷೆಗೆ ಮೇಲಿನಿಂದ ನೀರೆರೆದರೆ ಆಗುವ ಫಲ ಅದು. ಕನ್ನಡದ ಬೇರು ಒಣಗಿರಲಿಲ್ಲವಾದ್ದರಿಂದ ಶ್ರೀಕಂಠಯ್ಯನವರ ಮೇಲಿನಿಂದಿಳಿಯುವ ಕ್ರಮ ಇಲ್ಲಿ ಫಲ ಕೊಟ್ಟಿತು. ಅವರ ಯಶಸ್ಸನ್ನು ಅಳೆಯುವಾಗ ಈ ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

5

1930ರ ನಂತರ ಶ್ರೀಕಂಠಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಸೊಫೊಕ್ಲಿಸನ ನಾಟಕವನ್ನು ಆಧರಿಸಿದ ‘ಅಶ್ವತ್ಥಾಮನ್’ 1929ರಲ್ಲಿ, ಈಸ್ಕಿಲಸನ ನಾಟಕದ ಅನುವಾದ ‘ಪಾರಸಿಕರು’ 1935ರಲ್ಲಿ ಬಂದವು. 1938ರಲ್ಲಿ ಮಹಾರಾಜರು ಅವರಿಗೆ ರಾಜಸೇವಾಸಕ್ತ ಬಿರುದು ನೀಡಿದರು. ಬಿರುದಿನಲ್ಲಿರುವುದು ರಾಜಸೇವೆ, ಅದಕ್ಕೆ ಕಾರಣವಾದ ಕೆಲಸದಲ್ಲಿ ಬಹುಪಾಲು ಭಾಷೆಯ ಸೇವೆ. ಆ ಕಾಲದ ಮೈಸೂರಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟವಾಗಿತ್ತು.

ಅದೇ ವರ್ಷ ಪರಿಷತ್ತಿನ ಉಪಾಧ್ಯಕ್ಷತೆ ಅವರ ಪಾಲಿಗೆ ಬಂದಿತು. ಅಧ್ಯಕ್ಷಸ್ಥಾನದಲ್ಲಿ ರಾಜಮನೆತನದವರು ಇರುತ್ತಿದ್ದುದರಿಂದ ಕೆಲಸದ ಹೊಣೆ ಉಪಾಧ್ಯಕ್ಷರದೇ. ಕರ್ಣಾಟಕ ಸಾಹಿತ್ಯ ಪರಿಷತ್ತು ಎಂಬ ಹೆಸರು ಈ ಅವಧಿಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಎಂದು ಬದಲಾಯಿತು. ‘ಕನ್ನಡ ನುಡಿ’ ಪತ್ರಿಕೆ ಹೊರಟಿತು. ಮಹಿಳಾ ಶಾಖೆ ಆರಂಭವಾಯಿತು. ಗಮಕ ತರಗತಿಗಳು ನಡೆದವು. ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳು ರೂಪುಗೊಂಡವು. ಈ ಪರೀಕ್ಷೆಗಳ ಹೆಸರನ್ನೇ ನೋಡಿ: ಸಂಸ್ಕೃತ ಬಿರುದುಗಳ ಆಡಂಬರವಿಲ್ಲದೆ, ಹಳ್ಳಿಯವರ ಬಾಯಲ್ಲಿ ನಿಲ್ಲುವ ಪದಗಳು. ವಿಶ್ವವಿದ್ಯಾನಿಲಯದ ಪದವಿ ಕೈಗೆಟುಕದ ಶಾಲಾ ಉಪಾಧ್ಯಾಯರಿಗೂ ಗೃಹಿಣಿಯರಿಗೂ ಗುಮಾಸ್ತರಿಗೂ ಕನ್ನಡದಲ್ಲೊಂದು ಅಧಿಕೃತ ಅರ್ಹತೆ ಪಡೆಯುವ ಅವಕಾಶ ಇದರಿಂದ ದೊರೆಯಿತು. 1927ರಲ್ಲಿ ಮೇಲಂತಸ್ತಿನಲ್ಲಿ ತೆರೆದ ಬಾಗಿಲಿಗೆ ಹತ್ತು ವರ್ಷಗಳ ನಂತರ ಕೆಳಗಿನಿಂದ ಏಣಿ ಇಟ್ಟಂತಾಯಿತು.

ಕನ್ನಡ–ಕನ್ನಡ ನಿಘಂಟಿನ ಸಂಕಲ್ಪವೂ ಈ ವರ್ಷಗಳದೇ. 1941ರ ಹೈದರಾಬಾದು ಸಮ್ಮೇಳನದಲ್ಲಿ ಆ ಕುರಿತು ತೀರ್ಮಾನವಾಯಿತು. ಸರ್ಕಾರದ ನೆರವಿನಿಂದ ಪರಿಷತ್ತು ಕೈಗೊಂಡ ಈ ಯೋಜನೆಯ ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯ ಹಾಗೂ ಕೊನೆಯ ಸಂಪುಟ 1995ರಲ್ಲಿ. ಪ್ರಧಾನ ಸಂಪಾದಕತ್ವವನ್ನು ವಹಿಸಿದ್ದ ಚಿಕ್ಕನಾಯಕನಹಳ್ಳಿಯ ಡಿ.ಎಲ್.ಎನ್. ಮೊದಲ ಸಂಪುಟವನ್ನು ಕಂಡು 1971ರಲ್ಲಿ ತೀರಿಕೊಂಡರು. ಭಾಷೆಗೆ ಸರ್ಕಾರ ಕೊಡುವ ನೆರವು ಒಂದು ಆಯವ್ಯಯ ವರ್ಷದಲ್ಲಿ ಫಲ ಕಾಣಬೇಕೆಂದು ಬಯಸುವವರು ಈ ಐವತ್ತನಾಲ್ಕು ವರ್ಷಗಳನ್ನು ಒಮ್ಮೆ ಎಣಿಸಿ ನೋಡಬಹುದು.

6

ಶ್ರೀಕಂಠಯ್ಯನವರ ಪ್ರಯೋಗದ ಮಿತಿಗಳನ್ನೂ ಇಲ್ಲಿ ಹೇಳದೆ ಹೋದರೆ ಲೇಖನ ಕೇವಲ ಸ್ತುತಿಯಾಗುತ್ತದೆ.

ಮೊದಲನೆಯದಾಗಿ, ಅವರ ಜೀವಿತಾವಧಿಯಲ್ಲಿ ಮೈಸೂರಿನ ಕಾಲೇಜುಗಳಲ್ಲಿ ವಿಜ್ಞಾನ, ಅರ್ಥಶಾಸ್ತ್ರ, ಕಾನೂನುಗಳು ಕನ್ನಡ ಮಾಧ್ಯಮಕ್ಕೆ ಬರಲಿಲ್ಲ. ಕನ್ನಡ ಒಂದು ವಿಷಯವಾಗಿ ಒಳಗೆ ಬಂದಿತು, ಎಲ್ಲ ವಿಷಯಗಳ ಭಾಷೆಯಾಗಲಿಲ್ಲ. ಪ್ರಚಾರೋಪನ್ಯಾಸಗಳೂ ಅವುಗಳ ಸಣ್ಣ ಪುಸ್ತಕಗಳೂ ಜ್ಞಾನವಿಜ್ಞಾನಗಳನ್ನು ಹಳ್ಳಿಗೆ ಒಯ್ದವು, ನಿಜ. ಆದರೆ ಪರೀಕ್ಷೆ ಬೇಡದ ಭಾಷೆಯಲ್ಲಿ ಬಂದ ಜ್ಞಾನಕ್ಕೆ ಉದ್ಯೋಗದ ಬೆಲೆ ಇರಲಿಲ್ಲ. ಉಸ್ಮಾನಿಯಾದ ಉದಾಹರಣೆ ಕಣ್ಣೆದುರಿಗಿದ್ದೂ ಮೈಸೂರು ಅಷ್ಟು ದೂರ ಹೋಗಲಿಲ್ಲ.

ಎರಡನೆಯದು ಪದಗಳ ವಿಷಯ. ಇಂಗ್ಲಿಷ್–ಕನ್ನಡ ನಿಘಂಟು ತನ್ನ ಸ್ವರೂಪದಿಂದಲೇ ಇಂಗ್ಲಿಷ್ ಪದದಿಂದ ಹೊರಡುತ್ತದೆ. ಇಂಗ್ಲಿಷಿನಲ್ಲಿ ಹೆಸರಿಲ್ಲದ ವಸ್ತುವಿಗೆ ಕನ್ನಡದಲ್ಲಿ ಹೆಸರಿದ್ದರೆ ಅದು ಆ ನಿಘಂಟಿನೊಳಕ್ಕೆ ಬರುವ ದಾರಿಯೇ ಇಲ್ಲ. ಗಿಟುಕು, ಕುರುಂಬೆಗಳ ಲೋಕ ಆ ಬಾಗಿಲಿನ ಹೊರಗೆ ಉಳಿಯಿತು. ಪರಿಷತ್ತಿನ ನಿಘಂಟು ಮುಖ್ಯವಾಗಿ ಶಾಸನ ಮತ್ತು ಗ್ರಂಥಸ್ಥ ಪ್ರಯೋಗಗಳನ್ನು ಆಧರಿಸಿತು. ರೈತ, ಕುಂಬಾರ, ನೇಕಾರರ ವೃತ್ತಿಪದಗಳನ್ನು ಸಂಗ್ರಹಿಸುವ ಕೆಲಸ ಸಂಸ್ಥೆಯ ಮಟ್ಟದಲ್ಲಿ ಬಲ ಪಡೆಯಲು 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಬೇಕಾಯಿತು. ಜನರ ಕನ್ನಡವನ್ನು ಬರಹಕ್ಕೆ ತರಬೇಕೆಂದು 1911ರಲ್ಲಿ ವಾದಿಸಿದವರ ಪರಂಪರೆಯಲ್ಲಿಯೇ ಹೀಗಾದದ್ದು ಯೋಚಿಸಬೇಕಾದ ವಿಷಯ.

ಮೂರನೆಯ ಮಿತಿ ಇನ್ನೂ ಆಳವಾದುದು. ಕನ್ನಡ ಸಂಸ್ಥಾನದ ದೊಡ್ಡ ಭಾಷೆ. ಅದರ ಆಸುಪಾಸಿನಲ್ಲಿದ್ದ ಸಣ್ಣ ಭಾಷೆಗಳು ಈ ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ಇದಕ್ಕೆ ಶ್ರೀಕಂಠಯ್ಯನವರೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆ ಕಾಲದ ಯಾವ ಭಾಷಾ ಚಳವಳಿಯೂ ಅದನ್ನು ಕಂಡಿರಲಿಲ್ಲ. ಆದರೆ ಇಂದು ಕಾಣದಿರುವಂತಿಲ್ಲ. ಯುನೆಸ್ಕೋದ ಅಪಾಯದಂಚಿನ ಭಾಷೆಗಳ ಭೂಪಟದಲ್ಲಿ ಕೊಡವ, ಕೊರಗ, ತುಳು ಇವೆ. 1971ರ ಜನಗಣತಿಯಿಂದ ಹತ್ತು ಸಾವಿರಕ್ಕಿಂತ ಕಡಿಮೆ ಭಾಷಿಕರಿರುವ ಭಾಷೆಗಳ ಹೆಸರನ್ನು ಪ್ರತ್ಯೇಕವಾಗಿ ಪ್ರಕಟಿಸುವುದನ್ನು ಸರ್ಕಾರವೇ ಕೈಬಿಟ್ಟಿತು. ಲೆಕ್ಕಕ್ಕೆ ಬಾರದ ಭಾಷೆಗೆ ಅನುದಾನ ಎಲ್ಲಿಂದ ಬರಬೇಕು? 1969ರಲ್ಲಿ ಮೈಸೂರಿನಲ್ಲಿಯೇ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನಕ್ಕೆ 2013ರಲ್ಲಿ ಕೇಂದ್ರ ಸರ್ಕಾರ ವಹಿಸಿದ ಯೋಜನೆ, ಲೆಕ್ಕದಿಂದ ಬಿಟ್ಟುಹೋಗಿದ್ದ ಆ ಹತ್ತು ಸಾವಿರದ ಒಳಗಿನ ಭಾಷೆಗಳನ್ನೇ ದಾಖಲಿಸಿ ಉಳಿಸುವ ಉದ್ದೇಶದ್ದು. ರಾಜ್ಯ ಸರ್ಕಾರ 1994ರಲ್ಲಿ ತುಳು, ಕೊಂಕಣಿ, ಕೊಡವ ಭಾಷೆಗಳಿಗೆ ಅಕಾಡೆಮಿಗಳನ್ನು ರಚಿಸಿತು.

ಈ ಭಾಷೆಗಳಲ್ಲಿ ಕೆಲವಕ್ಕೆ ಶ್ರೀಕಂಠಯ್ಯನವರ ಕ್ರಮ ಹೊಂದುತ್ತದೆ, ಕೆಲವಕ್ಕೆ ಇಲ್ಲ. ಲಕ್ಷಾಂತರ ಮನೆಗಳಲ್ಲಿ ಆಡುವ ತುಳುವಿಗೆ ಪದವಿ, ಪರೀಕ್ಷೆ, ನಿಘಂಟು, ಪರಿಭಾಷೆಗಳು ನೇರವಾಗಿ ನೆರವಾಗಬಲ್ಲವು. ಮಕ್ಕಳು ಆಡುವುದನ್ನೇ ಬಿಡುತ್ತಿರುವ ಕೊರಗರ ನುಡಿಗೆ ಎಂ.ಎ. ತರಗತಿಯಿಂದ ಆಗುವುದೇನೂ ಇಲ್ಲ. ನ್ಯೂಜಿಲೆಂಡಿನ ಮಾವೊರಿ ಜನ 1982ರಲ್ಲಿ ಅಜ್ಜ ಅಜ್ಜಿಯರ ಕೈಗೆ ಎಳೆಯ ಮಕ್ಕಳನ್ನು ಒಪ್ಪಿಸುವ ಭಾಷಾ ಗೂಡುಗಳಿಂದ ಆರಂಭಿಸಿದರು. ಅಲ್ಲಿನ ಸರ್ಕಾರ ಮಾವೊರಿಯನ್ನು ಅಧಿಕೃತ ಭಾಷೆಯಾಗಿಸುವ ಶಾಸನ ಮಾಡಿದ್ದು 1987ರಲ್ಲಿ. ರೋಗ ಬೇರೆಯಾದಾಗ ಕ್ರಮವೂ ತಿರುಗುಮುರುಗಾಯಿತು. ನಮ್ಮ ಅಕಾಡೆಮಿಗಳು ಎಲ್ಲ ಭಾಷೆಗಳಿಗೂ ಪ್ರಶಸ್ತಿ, ಪುಸ್ತಕ, ಸಮ್ಮೇಳನಗಳೆಂಬ ಒಂದೇ ಕಷಾಯವನ್ನು ಕೊಡುತ್ತಿರುವುದನ್ನು ನೋಡಿದರೆ, 1911ರ ಶೀರ್ಷಿಕೆಯಲ್ಲಿದ್ದ ‘ಬಗೆ’ ಎಂಬ ಪದವನ್ನು ಇನ್ನೂ ಯಾರೂ ಬಿಡಿಸಿ ನೋಡಿಲ್ಲವೇನೋ ಎನ್ನಿಸುತ್ತದೆ.

7

ಮೈಸೂರು ಸರ್ಕಾರದ ಸೇವೆಯಿಂದ ನಿವೃತ್ತರಾದ ಮೇಲೆ ಶ್ರೀಕಂಠಯ್ಯನವರು ಧಾರವಾಡಕ್ಕೆ ಹೋಗಿ ಕೆ.ಇ. ಬೋರ್ಡಿನ ಕಲಾ ಕಾಲೇಜಿನ ಪ್ರಾಂಶುಪಾಲರಾದರು. ಸಂಸ್ಥಾನದ ಆಶ್ರಯದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದವರು ಕೊನೆಗೆ ಖಾಸಗಿ ಶಿಕ್ಷಣ ಸಂಸ್ಥೆಯೊಂದರ ಕರೆಗೆ ಒಪ್ಪಿ, ತಾವು ಇಪ್ಪತ್ತೇಳರ ವಯಸ್ಸಿನಲ್ಲಿ ಕನ್ನಡದ ಕಾರ್ಯಕ್ರಮವನ್ನು ಸಾರಿದ ಊರಿಗೇ ಹೋದರು. ‘ಹೊಂಗನಸುಗಳು’ 1943ರಲ್ಲಿ ಬಂದಿತ್ತು. ಕನ್ನಡ ಸಾಹಿತ್ಯ ಚರಿತ್ರೆಯ ಬರವಣಿಗೆ ಕೈಯಲ್ಲಿತ್ತು. 1946ರ ಜನವರಿ 5ರಂದು, ಅರವತ್ತೆರಡು ವರ್ಷ ತುಂಬಿದ ಮೂರನೆಯ ದಿನ, ಅವರು ಧಾರವಾಡದಲ್ಲಿ ನಿಧನರಾದರು. ಇಂಗ್ಲಿಷ್–ಕನ್ನಡ ನಿಘಂಟು ಅಚ್ಚಾಗಿ ಹೊರಬಂದದ್ದು ಅದೇ ವರ್ಷ. ಮೈಸೂರು, ಧಾರವಾಡ, ಕಲಬುರಗಿಗಳು ಒಂದೇ ಸರ್ಕಾರದ ಕೆಳಗೆ ಬಂದದ್ದು 1956ರ ನವೆಂಬರ್ 1ರಂದು. ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಅಧಿನಿಯಮ ಬಂದದ್ದು 1963ರಲ್ಲಿ. ಎಂ.ವಿ.ಸೀತಾರಾಮಯ್ಯನವರು ಗುರುವಿನ ಹೆಸರಿನಲ್ಲಿ 1979ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಹಸ್ತಪ್ರತಿಗಳನ್ನು ಸಂಗ್ರಹಿಸಿತು, ಶಾಸನಶಾಸ್ತ್ರ ಮತ್ತು ಹಸ್ತಪ್ರತಿಶಾಸ್ತ್ರಗಳ ತರಗತಿಗಳನ್ನು ನಡೆಸಿತು.